ಬಣ್ಣದ ಹಟ

"ಬಿಳಿ ನಾಯೀನೇ ಬೇಕು," ಎಂದು ಗಡಿಯಾರ ರಿಪೇರಿ ಮಾಡುವ ಗಂಡ ಮತ್ತೆ ಹಟ ಹಿಡಿದಾಗ, ಹೆಂಡತಿಗೆ ಇದರಲ್ಲೇನೋ ಮಸಲತ್ತಿದೆ ಅನ್ನಿಸಿತು. ನಾಯಿಗಳ ಆಶ್ರಯ ನೋಡಿಕೊಳ್ಳುವಾಕೆ ಮುಂದೆ ತಂದು ನಿಲ್ಲಿಸಿದ್ದ ಕರಿ ನಾಯಿ ಬಂಗಾರದಂಥದ್ದು, ಆಗಲೇ ಮಕ್ಕಳಿಗೆ ಹೊಂದಿಕೊಂಡಿತ್ತು. ಬಿಳಿಯದೋ ಮುದಿಯಾಗುತ್ತ ಬಂದದ್ದು. ಅದನ್ನು ಸಾಗಹಾಕಲು ಗಂಡನೂ ಆಕೆಯೂ ಮೊದಲೇ ಮಾತಾಡಿಕೊಂಡಿದ್ದಾರೋ ಹೇಗೆ?

"ಹಾಸಿಗೆ, ಬಟ್ಟಲು, ಕಟ್ಟೋ ಜಾಗ, ಎಲ್ಲಾ ನಾನೇ ನೋಡಿಟ್ಟೆ. ಆಗೆಲ್ಲ ಸುಮ್ಮನಿದ್ದು ಈಗ ಬಣ್ಣದ ಕ್ಯಾತೆ! ನನ್ನ ಹತ್ರ ಬಾಲ ಬಿಚ್ಚಬೇಡಿ. ನಿಜ ಹೇಳಿ, ಏನು ವಿಷಯ?"

"ವಿಷಯ ಏನಿಲ್ಲ ಕಣೆ. ಇದೂ ಮುದ್ದಾಗೇ ಇದೆ," ಎಂದು ನಗುತ್ತ ಅವನು ಬಗ್ಗಿ ಕರಿ ನಾಯಿಯ ತಲೆ ಸವರಲು ಹೋದ. ಕೈ ತಲೆಯಿಂದ ಗೇಣು ಆಚೆ ಬರಿಯ ಗಾಳಿಯನ್ನು ಸವರಿತು. ಅದು ಅವನಿಗೆ ತಿಳಿಯಲೇ ಇಲ್ಲ. ನಗುತ್ತಲೇ ಇದ್ದ.

ಅವಳು ಮೆಲ್ಲಗೆ ಅವನ ಮಣಿಕಟ್ಟು ಹಿಡಿದು, ಕೈಯನ್ನು ನಾಯಿಯ ತಲೆಯ ಮೇಲಿಟ್ಟಳು.

"ಯಾವಾಗಿಂದ?"

ನಗು ಮಾಯವಾಯಿತು. "ಚಳಿಗಾಲದಿಂದ. ಬಿಳೀದು ಮಸುಕುಮಸುಕಾಗಿಯಾದ್ರೂ ಕಾಣುತ್ತೆ. ತುಳಿಯಲ್ಲ ಅಂದ್ಕೊಂಡೆ."