ಖಾಜಾಬಿಯ ಬೇವಿನ ನೆರಳು

ಖಾಜಾಬಿಯ ಬೇವಿನ ಮರ ಕಡಿಯಲು ನೆರಳು ಇಲಾಖೆಯವರು ಐದು ಗಂಟೆಗೆ ಬರುವವರಿದ್ದರು. ಅವಳ ಲೆಕ್ಕ ಬರೆಯುವ ಚನ್ನವೀರಯ್ಯ ಅದೇ ಮರದ ಕೆಳಗೆ ಕೂತು, ಯಾರಿಗೆ ಎಷ್ಟು ಹೊತ್ತು ನೆರಳು ಕೊಟ್ಟಳೆಂದು ಬರೆದಿಟ್ಟ ವಹಿಯನ್ನು ಮೂರನೇ ಸಲ ತಿರುವಿ ಹಾಕುತ್ತಿದ್ದ. ಹನ್ನೊಂದು ವರ್ಷಗಳಲ್ಲಿ ಹನ್ನೊಂದು ತಾಸಿನ ನೆರಳನ್ನು ಅವಳು ಯಾರಿಗೋ ಬರೆಸದೆ ಕೊಟ್ಟಿದ್ದಾಳೆ ಎಂದು ನೋಟೀಸು ಹೇಳುತ್ತಿತ್ತು. ಆ ಹೆಸರು ಕೊಟ್ಟರೆ ಮರ ಉಳಿಯುತ್ತದೆ.

“ನೆನಪು ಮಾಡ್ಕೋ ಯವ್ವಾ. ಯಾರ್ನರ ಕುಂದ್ರಿಸಿ ಬರಸೋದು ಮರ್ತಿಯೇನು?”

“ಇಲ್ರೀ. ನಾಯಿ ಮಲಗಿದ್ದೂ ಬರಸೀನಿ.” ಅವಳು ಕೌದಿ ಹೊಲಿಯುತ್ತಲೇ ಹೇಳಿದಳು.

ವಹಿಯಲ್ಲಿ ನಾಯಿ ಇತ್ತು. ಅಂಚೆಯವನೂ ಇದ್ದ. ಚನ್ನವೀರಯ್ಯ ಕೈಯಾಡಿಸಿದ ಲೆಕ್ಕ ತಪ್ಪುತ್ತಿರಲಿಲ್ಲ. ಬೇರೆಯವರು ಗಿರಾಕಿಗಳನ್ನು ಕಚೇರಿಗೆ ಕರೆಸಿಕೊಂಡರೆ, ಇವನು ಪ್ರತಿ ಬೇಸಿಗೆ ಅವರ ಬಾಗಿಲಿಗೇ ಹೋಗುತ್ತಿದ್ದ. ಮಜ್ಜಿಗೆ ಕುಡಿದು, ಕಷ್ಟಸುಖ ಕೇಳಿ, ಒಂದು ತಾಸು ಕೂತೇ ಏಳುತ್ತಿದ್ದ. ಅದಕ್ಕೇ ಒಬ್ಬ ಗಿರಾಕಿಯೂ ಅವನನ್ನು ಬಿಟ್ಟು ಹೋಗಿರಲಿಲ್ಲ.

ಒಂದು ತಾಸು.

ಇಲ್ಲಿಗೂ ಹನ್ನೊಂದು ಬೇಸಿಗೆ ಬಂದು ಇದೇ ಮರದ ಕೆಳಗೆ ಕೂತಿದ್ದ. ಲೆಕ್ಕ ಬರೆಯುವವನಿಗೇ ಕೊಟ್ಟ ನೆರಳನ್ನು ಇಲಾಖೆ ಲಂಚವೆಂದು ಹಿಡಿಯುತ್ತದೆ. ಲಂಚದ ಮರಕ್ಕೆ ಮಾಫಿಯಿಲ್ಲ. ಹೆಸರು ಬರೆದರೂ ಮರ ಹೋಗುತ್ತದೆ, ಬರೆಯದಿದ್ದರೂ ಹೋಗುತ್ತದೆ. ಬೀದಿಯ ತುದಿಯಲ್ಲಿ ಗರಗಸದ ಗಾಡಿ ಕಾಣಿಸಿತು. ಚನ್ನವೀರಯ್ಯ ಧಡಕ್ಕನೆ ಎದ್ದು, ಸುಡುವ ಬಿಸಿಲಿಗೆ ಹೋಗಿ ನಿಂತ.

“ಅಯ್ಯ, ಬಿಸಿಲಾಗ ಯಾಕ ನಿಂತ್ರೀ?” ಖಾಜಾಬಿ ಕೌದಿ ಸರಿಸಿ ಚಾಪೆಯ ಮೇಲೆ ಜಾಗ ಮಾಡಿದಳು. “ಬರ್ರಿ, ಇಲ್ಲಿ ಕುಂದರ್ರಿ. ನೀವು ಕುಂದ್ರೂದಕ್ಕ ಯಾರರ ಲೆಕ್ಕ ಇಡ್ತಾರೇನ್ರೀ?”