ಮಧ್ಯಾಹ್ನ ಒಂದರ ಸೈರನ್

"ಇವತ್ತ ಹಿಡದೇ ಬಿಡ್ತೀನ್ರೀ," ಎಂದು ಪಿಸುಗುಟ್ಟಿದ ಕನಕರಾಯ, ತನ್ನದೇ ಮನೆಯೆದುರಿನ ಬೇವಿನ ಮರದ ಹಿಂದೆ ಕುಕ್ಕರಗಾಲಲ್ಲಿ ಕೂತು. ಪಕ್ಕದಲ್ಲಿ ಪುರಸಭೆಯ ಅಂಬಪ್ಪ. ಅವನ ಕೈಯಲ್ಲಿ ತಂತಿ ಕತ್ತರಿಸುವ ಇಕ್ಕಳ.

ತೊಂಬತ್ತೈದರಲ್ಲಿ ಸಿಂಧನೂರಿನ ಆ ಓಣಿಗೆಲ್ಲ ಕಳ್ಳರು ಮುಟ್ಟಿದರೆ ಒದರುವ ಸೈರನ್ ಇದ್ದ ಕಾರು ಕನಕರಾಯನದೊಂದೇ, ಮನೆಯೆದುರೇ ನಿಲ್ಲುತ್ತಿತ್ತು. ಸೈರನ್ನು ಹೈದರಾಬಾದಿನಲ್ಲಿ ಕೂಡಿಸಿಕೊಂಡು ಬಂದದ್ದು. ಕನಕರಾಯನ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಆದರೆ ಎರಡು ತಿಂಗಳಿಂದ ಮಧ್ಯಾಹ್ನ ಒಂದಕ್ಕೆ ಸರಿಯಾಗಿ ಅದು ಒದರತೊಡಗಿತ್ತು. ಬಂದ್ ಮಾಡುವ ಕೀಲಿ ಅವನ ಜೇಬಿನಲ್ಲಿ. ಓಣಿಯ ತುದಿಯ ತನ್ನ ಗೊಬ್ಬರದಂಗಡಿಯಲ್ಲಿ ಇಸ್ಪೀಟು ಅರ್ಧಕ್ಕೆ ಬಿಟ್ಟು ಮನೆಗೆ ಓಡಬೇಕು. ಮೊದಲೆಲ್ಲ ನಾಲ್ಕಕ್ಕೋ ಐದಕ್ಕೋ ಉಣ್ಣುತ್ತಿದ್ದವನು, ಹೇಗೂ ಬಂದಾಯಿತಲ್ಲ ಎಂದು ಈಗ ಉಂಡೇ ಹೋಗುತ್ತಿದ್ದ.

ಓಣಿಯವರು ಅರ್ಜಿ ಕೊಟ್ಟರು. ಪುರಸಭೆ ನಿಯಮ ಮಾಡಿತು: ಸೈರನ್ ಹೀಗೆ ದಿನಾ ಒದರಿದರೆ ತಂತಿ ಕತ್ತರಿಸುವುದು. ಹೊರಗಿನವರು ಒದರಿಸಿದ್ದು ರುಜುವಾತಾದರೆ ಮಾತ್ರ ಮಾಫಿ. ಇವತ್ತು ಕಡೆಯ ಗಡುವು.

ಕನಕರಾಯನ ಗುಮಾನಿ ಪಕ್ಕದ ಮನೆಯ ಹುಸೇನ್‌ಬೀಯ ಆಡಿನ ಮೇಲೆ.

"ಅಮಾಸಿ ದಿನ ಅಂಗಡಿ ಬಂದ್, ನಾ ಮನ್ಯಾಗ ಇರ್ತೀನಿ. ಅವತ್ತು ಒಮ್ಮಿನೂ ಒದರಿಲ್ಲ. ಆಡಿಗೆ ನನ್ನ ಅಂಜಿಕಿ ಐತ್ರೀ."

"ಭಾಳ ಶಾಣ್ಯಾ ಆಡು ಬಿಡ್ರಿ," ಎಂದ ಅಂಬಪ್ಪ.

ಆಡು ಬಂತು. ಚಕ್ರ ಮೂಸಿತು. ಕನಕರಾಯ ಉಸಿರು ಬಿಗಿಹಿಡಿದ. ಆಡು ತನ್ನ ಪಾಡಿಗೆ ತಾನು ಮುಂದೆ ಹೋಯಿತು. ಇನ್ನು ಸೈರನ್ ಕೈಬಿಟ್ಟಂತೆಯೇ.

ಅಷ್ಟರಲ್ಲಿ ಅವನ ಮನೆಯ ಬಾಗಿಲೇ ತೆರೆಯಿತು. ಹೆಂಡತಿ ಗದ್ದೆಮ್ಮ ಹೊರಬಂದಳು, ಕೈಯೆಲ್ಲ ಜೋಳದ ಹಿಟ್ಟು. ಅತ್ತಿತ್ತ ನೋಡಿದಳು. ನೆರಿಗೆ ಎತ್ತಿ ಹಿಡಿದು ಹಿಂದಿನ ಚಕ್ರಕ್ಕೆ ಜಾಡಿಸಿ ಒದ್ದಳು. ಓಣಿ ಗಡಗಡ ನಡುಗುವಂತೆ ಸೈರನ್ ಒದರಿತು.

ಕನಕರಾಯ ಕಕ್ಕಾಬಿಕ್ಕಿಯಾಗಿ ಎದ್ದು ಕೀಲಿ ಒತ್ತಿದ. ಓಣಿ ತಣ್ಣಗಾಯಿತು.

"ಮನೆಯವ್ರ ಒದರಿಸಿದ್ರ ಮಾಫಿ ಇಲ್ರೀ ಸಾವ್ಕಾರ್ರ," ಎಂದು ಅಂಬಪ್ಪ ಇಕ್ಕಳ ಎತ್ತಿದ.

ಗದ್ದೆಮ್ಮ ತಲೆಯ ಮೇಲೆ ಸೆರಗು ಎಳೆದುಕೊಂಡು ಕಾರಿಗೆ ಅಡ್ಡ ನಿಂತುಬಿಟ್ಟಳು.

"ಕತ್ತರಿಸಬ್ಯಾಡ್ರೀ ಯಣ್ಣಾ! ಇದು ಹೋದ್ರ ಬಿಸಿ ರೊಟ್ಟಿಗೆ ಇವರನ್ನ ಹೆಂಗ ಕರೀಲಿ? ಗಂಡನ ಹೆಸರು ಹಿಡದು ಓಣ್ಯಾಗ ನಿಂತು ಕೂಗಾಕ ಬರ್ತೈತೇನು?"