ಮುಂದಿನ ಗಾಲಿಯ ಸಪ್ಪಳ

2005ನೇ ಇಸವಿ ಫೆಬ್ರುವರಿ 20, ಭಾನುವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ. ವಾಕಡದ ತನ್ನ ಸೈಕಲ್ ಅಂಗಡಿಯಲ್ಲಿ ಭುಜಂಗ ಒಂದು ಮೌಂಟನ್ ಬೈಕಿನ ಮುಂದಿನ ಗಾಲಿಯನ್ನು ಎತ್ತಿ ತಿರುಗಿಸಿದ. ಗಾಲಿಯನ್ನು ಹಿಡಿದ ಫೋರ್ಕಿಗೆ ಸ್ಕ್ರೂಡ್ರೈವರಿನ ತುದಿ ಇಟ್ಟು, ಅದರ ಹಿಡಿಕೆಗೆ ಕಿವಿ ಹಚ್ಚಿದ. ಒಳಗೆ ಒಣ ಜೋಳ ಬೀಸಿದಂಥ ಸಪ್ಪಳ. ಬೇರಿಂಗ್ ಹಾಳಾಗಿತ್ತು. ಬೈಕು ತಂದಿದ್ದ ಅಂಬಾರಾಯರು ಐವತ್ತೈದರ ಆಸುಪಾಸಿನವರು. ಅದನ್ನು ತಳ್ಳಿಕೊಂಡು ಬಂದಿರಲಿಲ್ಲ, ಹೆಗಲ ಮೇಲೆ ಹೊತ್ತು ತಂದಿದ್ದರು. ಎರಡೂ ಟೈರಿನಲ್ಲಿ ಗಾಳಿ ಇರಲಿಲ್ಲ.

"ಯಾರು ಓಡಸ್ತಾರ್ರೀ ಇದನ್ನ?"

"ನನ್ನ ಮಗಳು. ದಿನಾ ಎರಡು ಹೊತ್ತು."

ಭುಜಂಗ ಮೆತ್ತಗಿದ್ದ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಸಂಜೆ ಬರಲು ಹೇಳಿದ.

ಚಾಕಣದ ಒಂದು ಬೇರಿಂಗ್ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ಹತ್ತು ವರ್ಷ ಕೆಲಸ ಮಾಡಿದವನು ಅವನು. ಏನನ್ನೇ ಬಿಚ್ಚುವ ಮೊದಲು ಅಚ್ಚಿನ ಮೇಲ್ಭಾಗಕ್ಕೊಂದು ಬಿಳಿ ಚುಕ್ಕೆ ಇಡುವುದು ಅಲ್ಲಿಂದ ಬಂದ ರೂಢಿ. ಗಾಲಿಯ ನಡುವಿನ ಹಬ್ಬಿನೊಳಗೆ ಗ್ರೀಸಿನ ಪಸೆಯೂ ಇರಲಿಲ್ಲ, ಬರೀ ತುಕ್ಕು. ಉಕ್ಕಿನ ಗುಂಡುಗಳು ಉರುಳುವ ಕೋನ್ ಎಂಬ ಬಿಲ್ಲೆ ಅಚ್ಚಿಗೆ ಬಿಗಿದುಕೊಂಡಿರುತ್ತದೆ, ತಿರುಗುವುದಿಲ್ಲ. ಸವಾರನ ಭಾರವೆಲ್ಲ ಅದರ ಕೆಳಮೈಗೆ ಬೀಳುವುದರಿಂದ ಅಲ್ಲೇ ಸವೆಯಬೇಕು. ಈ ಕೋನಿನ ಕೆಳಮೈ ಹೆಚ್ಚುಕಡಿಮೆ ಹೊಸದರಂತಿತ್ತು. ಕುಳಿ ಬಿದ್ದದ್ದು ಬಿಳಿ ಚುಕ್ಕೆಯ ಕಡೆಗೆ, ಮೇಲೆ. ಬೈಕನ್ನು ತೂಗುಹಾಕಿ ಗಾಲಿಯನ್ನು ಗಾಳಿಯಲ್ಲೇ ತಿರುಗಿಸಿ, ಅದರ ಸ್ವಂತ ಭಾರ ಕೋನಿನ ಮೇಲ್ಮೈಗೆ ಜೋತುಬಿದ್ದರೆ ಮಾತ್ರ ಹಾಗಾಗಲು ಸಾಧ್ಯ. ಅವನು ಭೂತಗನ್ನಡಿ ಹಿಡಿದು ಇನ್ನೊಮ್ಮೆ ನೋಡಿದ. ಈ ಗಾಲಿ ಲಕ್ಷಗಟ್ಟಲೆ ಸುತ್ತು ತಿರುಗಿತ್ತು, ನೆಲ ಮುಟ್ಟದೆ.

ಸಂಜೆ ಅಂಬಾರಾಯರು ಬಂದಾಗ ಅದನ್ನೇ ಕೇಳಿದ. "ನೀವು ಡಾಕ್ಟರಗಿಂತ ಭಾಳ ಕೇಳ್ತೀರಿ," ಎಂದರು ಅವರು. "ಸಪ್ಪಳ ಹೋತಿಲ್ಲೋ, ಅಷ್ಟ ಹೇಳ್ರಿ." ಭುಜಂಗ ತುಸು ಹೆಮ್ಮೆಯಿಂದಲೇ ಗಾಲಿ ತಿರುಗಿಸಿ ತೋರಿಸಿದ. ಹೊಸ ಕೋನ್, ಹೊಸ ಗುಂಡು, ಹೊಸ ಗ್ರೀಸು, ಉಸಿರಿನಷ್ಟೂ ಸದ್ದಿಲ್ಲ. ಬಿಚ್ಚಿದ ಹಳೆಯ ಸಾಮಾನನ್ನು ಗಿರಾಕಿಗೇ ಒಪ್ಪಿಸುವ ಪದ್ಧತಿಯಂತೆ ಎರಡು ಕೋನ್, ಇಪ್ಪತ್ತು ಗುಂಡುಗಳನ್ನು ಪೇಪರಿನಲ್ಲಿ ಸುತ್ತಿ ಕೊಟ್ಟ.

ಬುಧವಾರ ಸಂಜೆ ಅಂಬಾರಾಯರು ಬೈಕಿಲ್ಲದೆ ಬಂದು ಆ ಪೊಟ್ಟಣವನ್ನು ಬೆಂಚಿನ ಮೇಲಿಟ್ಟರು. ಇವನ್ನೇ ತಿರುಗಿ ಹಾಕಿಕೊಡಬೇಕು ಎಂದರು.

ಭುಜಂಗನಿಗೆ ನಗು ಬಂತು. "ಕಾಕಾ, ಮಂದಿ ಸಪ್ಪಳ ತಗಸ್ಲಿಕ್ಕೆ ಬರ್ತಾರ. ನೀವು ಹಾಕಸ್ಲಿಕ್ಕೆ ಬಂದೀರಿ."

ಅಂಬಾರಾಯರು ನಗಲಿಲ್ಲ. ನಿಂತಲ್ಲೇ ಎಲ್ಲ ಹೇಳಿದರು. ಹದಿನಾಲ್ಕು ತಿಂಗಳ ಹಿಂದೆ, ಬೈಕು ಕೊಂಡ ತಿಂಗಳಲ್ಲೇ, ಮಗಳು ರೇಣು ಅದರ ಸಮೇತ ಕಾಲುವೆಗೆ ಬಿದ್ದಿದ್ದಳು. ಆಗಿನಿಂದ ಅವಳ ಕಣ್ಣುಗಳು ತೆರೆದಿರುತ್ತವೆ, ಆದರೆ ನೋಡುವುದಿಲ್ಲ, ಕರೆದರೆ ತಿರುಗುವುದಿಲ್ಲ. ಡಾಕ್ಟರುಗಳು ಕೈಬಿಟ್ಟಿದ್ದರು. ಒಂದು ದಿನ ಹೆಂಡತಿ ಉಮಾವತಿ ಅವಳ ಮಂಚದ ಬಳಿ ಬೈಕಿನ ಕೆಸರು ಒರೆಸುವಾಗ ಗಾಲಿ ಗರಗರ ತಿರುಗಿತು, ಹೊದಿಕೆಯೊಳಗೆ ರೇಣುವಿನ ಪಾದಗಳು ಒಂದಾದ ಮೇಲೊಂದು ತುಳಿಯತೊಡಗಿದವು. ಅಂದಿನಿಂದ ಬೈಕನ್ನು ಅವಳ ಕೋಣೆಯಲ್ಲೇ ತೂಗುಹಾಕಿ ಎರಡು ಹೊತ್ತೂ ತಿರುಗಿಸುತ್ತಿದ್ದರು. ಗಾಲಿ ನಿಂತರೆ ಪಾದವೂ ನಿಲ್ಲುತ್ತಿತ್ತು. ಗರಗರ ಹೆಚ್ಚಾದಂತೆ, ಗಾಲಿ ಒಂದು ದಿನ ಪೂರ್ತಿ ಹಿಡಿದುಕೊಂಡರೆ ಗತಿಯೇನು ಎಂದು ಹೆದರಿ ರಿಪೇರಿಗೆ ತಂದಿದ್ದರು.

"ಮೂರು ದಿನ ಆತು. ತಿರಗಸೇ ತಿರಗಸ್ತೀವಿ, ಅಕಿ ಸುಮ್ಮ ಮಲಗ್ಯಾಳ," ಎಂದರು ಅಂಬಾರಾಯರು. "ಗಾಲಿ ನೋಡ್ತಾಳ ಅಂತ ತಿಳದಿದ್ವಿ. ಅಕಿ ಸಪ್ಪಳ ಕೇಳ್ತಿದ್ಲು."

ಭುಜಂಗ ನಟ್ಟು ಬಿಚ್ಚುವ ಪಾನಾಗಳ ಚೀಲ ತೆಗೆದುಕೊಂಡು ಅವರ ಜೊತೆಗೇ ಹೊರಟ. ಕೋಣೆಯಲ್ಲಿ ಫ್ಯಾನು ಬಿಚ್ಚಿದ ಕೊಂಡಿಗೆ ನೈಲಾನ್ ಹಗ್ಗದಿಂದ ಬೈಕು ತೂಗುತ್ತಿತ್ತು. ಅದರ ಮುಂದಿನ ಗಾಲಿಗೆ ಎದುರಾಗಿ ಮಂಚ, ಮಂಚದ ಮೇಲೆ ಸೂರಿನತ್ತ ಕಣ್ಣು ತೆರೆದು ಮಲಗಿದ್ದ ರೇಣು. ತಲೆದೆಸೆಗೆ ಕೂತಿದ್ದ ಉಮಾವತಿ ಅವನಿಗೆ ಹೇಳಿದ್ದು ಒಂದೇ ಮಾತು: "ಗ್ರೀಸು ಹಚ್ಚಬ್ಯಾಡ, ತಮ್ಮಾ." ಗ್ರೀಸಿಲ್ಲದೆ ಅವನು ಈವರೆಗೆ ಒಂದು ಹಬ್ಬನ್ನೂ ಮುಚ್ಚಿರಲಿಲ್ಲ. ತಾನೇ ತುಂಬಿದ್ದನ್ನು ಸೀಮೆಎಣ್ಣೆಯಲ್ಲಿ ತೊಳೆದ. ಹಳೆಯ ಗುಂಡುಗಳನ್ನು ಎಡಕ್ಕೆ ಹತ್ತು, ಬಲಕ್ಕೆ ಹತ್ತು ಕೂರಿಸಿದ. ಕುಳಿ ಬಿದ್ದ ಮೈ ಮೇಲೆ ಬರುವಂತೆ ಕೋನ್ ತಿರುಗಿಸಿ ಬಿಗಿದ.

ಅಂಬಾರಾಯರು ಗಾಲಿಗೆ ಕೈ ಹಚ್ಚಿದರು. ಗರಗರ ಕೋಣೆ ತುಂಬಿತು. ಬಹಳ ಹೊತ್ತು ಏನೂ ಆಗಲಿಲ್ಲ. ಅವರು ಮತ್ತೆ ತಿರುಗಿಸಿದರು. ಹೊದಿಕೆ ಮಿಸುಕಿತು. ಬಲಗಾಲು ಒತ್ತಿತು, ಎಡಗಾಲು ಎದ್ದಿತು.

"ಸಾವಕಾಶ ತುಳೀಲಿಕ್ಹತ್ಯಾಳ," ಎಂದರು ಅಂಬಾರಾಯರು, ದೂರದ ರಸ್ತೆಯಲ್ಲಿ ಹೋಗುತ್ತಿರುವವಳನ್ನು ಕಂಡವರಂತೆ. "ಏರು ಬಂದಿರಬೇಕು."

ಗಾಲಿ ನಿಂತಿತು. ಪಾದಗಳೂ ನಿಂತವು. ಭುಜಂಗ ಪಾನಾ ಎತ್ತಿಕೊಳ್ಳಲು ಬಾಗಿದಾಗ ಉಮಾವತಿ ಅವನ ತೋಳು ಹಿಡಿದರು. ಹೊದಿಕೆಯ ಮೇಲಿದ್ದ ರೇಣುವಿನ ಎರಡೂ ಕೈಗಳ ಬೆರಳುಗಳು ನಿಧಾನವಾಗಿ ಮಡಿಚಿಕೊಳ್ಳುತ್ತಿದ್ದವು, ಬ್ರೇಕು ಹಿಡಿದವರ ಹಾಗೆ, ಗೆಣ್ಣುಗಳು ಬೆಳ್ಳಗಾಗುವಷ್ಟು ಬಿಗಿಯಾಗಿ.

"ಕೈ ಎಂದೂ ಆಡಿಸಿದ್ದಿಲ್ಲ," ಎಂದರು ಉಮಾವತಿ.

ಯಾರೂ ಗಾಲಿ ಮುಟ್ಟಲಿಲ್ಲ. ಭುಜಂಗ ಕೈಗಡಿಯಾರ ನೋಡುತ್ತ ನಿಂತ. ಆ ಹಿಡಿತ ಸಡಿಲಲು ನಲವತ್ತೊಂದು ಸೆಕೆಂಡು ಬೇಕಾಯಿತು.